ಅಶೋಕನಿಗೆ ಮುಖ ಕೊಟ್ಟ ಶಿಲ್ಪಿ ಬುದ್ಧನಿಗೆ ಯಾಕೆ ಕೊಡಲಿಲ್ಲ?

ಭೀಮಾತೀರ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಪ್ಪನನ್ನು ಕರೆದುಕೊಂಡು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿದ್ದೆ. ಚಂದ್ರಲಾಂಬೆ ನಮ್ಮ ಮನೆದೇವರು. ವರ್ಷಕ್ಕೊಮ್ಮೆ ಹೋಗಿ, ಕಾಯಿ ಒಡೆಸಿ, ಭೀಮಾ ನದಿ ದಂಡೆಯಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿ ಬರುವುದು ರೂಢಿ. ಈ ಸಲ ಹಟ ಮಾಡಿ ಅಪ್ಪನನ್ನು ಪಕ್ಕದ ಕನಗನಹಳ್ಳಿಗೂ ಕರೆದೊಯ್ದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ನೋಡಿದರೆ ಅಶೋಕನ ಶಾಸನ! ಆಮೇಲೆ 1990ರ ದಶಕದಲ್ಲಿ ಕನಗನಹಳ್ಳಿಯಲ್ಲಿ ಅಗೆದಾಗ ಒಂದು ದೊಡ್ಡ ಸ್ತೂಪವೇ ಹೊರಗೆ ಬಂತು. ಅಲ್ಲಿನ ಬರಹಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ.

ಅಲ್ಲೊಂದು ಚಪ್ಪಡಿ ಇದೆ. ಒಬ್ಬ ರಾಜ, ಜೊತೆಗೆ ರಾಣಿ, ಕೊಡೆ ಹಿಡಿದವರು, ಚಾಮರ ಬೀಸುವವರು. ಅದರ ಮೇಲೆ ‘ರಾಯೋ ಅಸೋಕೋ’ ಎಂದು ಬರೆದಿದೆ. ಅಶೋಕ ತೀರಿಕೊಂಡು ಇನ್ನೂರು ವರ್ಷಕ್ಕೂ ಜಾಸ್ತಿ ಆದಮೇಲೆ ಕೆತ್ತಿದ್ದು ಅದು. ಅವನನ್ನು ಕಣ್ಣಾರೆ ಕಂಡವರು ಯಾರೂ ಉಳಿದಿರಲಿಲ್ಲ. ಆದರೂ ಶಿಲ್ಪಿ ಅವನಿಗೆ ಮೈ ಕೊಟ್ಟ, ಮುಖ ಕೊಟ್ಟ, ಕಿವಿಗೆ ಓಲೆ ಕೂಡ ಕೊಟ್ಟ.

ಅದೇ ಸ್ತೂಪದ ಬೇರೆ ಚಪ್ಪಡಿಗಳಲ್ಲಿ ಒಂದು ಪೀಠ ಇದೆ, ಹಿಂದೆ ಅರಳಿಮರ ಇದೆ, ಕೆಳಗೆ ಎರಡು ಪಾದದ ಗುರುತು. ಸುತ್ತ ಜನ ಕೈ ಮುಗಿದು ನಿಂತಿದ್ದಾರೆ. ಪೀಠದ ಮೇಲೆ ಮಾತ್ರ ಯಾರೂ ಇಲ್ಲ.

ಅಪ್ಪ ಬಹಳ ಹೊತ್ತು ಅದರ ಮುಂದೆ ನಿಂತರು. ಆಮೇಲೆ ಕೇಳಿದರು: “ಎಲ್ಲಾರೂ ಕೈ ಮುಗೀಲಾಕತ್ತಾರ. ದೇವ್ರು ಎಲ್ಲಿ ಅದಾನೋ ಇದರಾಗ?”

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ರಾಜನ ಮುಖ ಕೆತ್ತಬಲ್ಲವನು ಬುದ್ಧನ ಮುಖ ಯಾಕೆ ಬಿಟ್ಟ? ತಿಳಿದವರು ದಯವಿಟ್ಟು ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಓದುಗ72

ಒಳ್ಳೆಯ ಪ್ರಶ್ನೆ ಸರ್. ಬುದ್ಧನೇ ‘ನನ್ನ ಮೂರ್ತಿ ಮಾಡಬೇಡಿ’ ಅಂದಿದ್ದ ಅಂತ ಶಾಲೆಯಲ್ಲಿ ಓದಿದ ನೆನಪು. ಹೀನಯಾನದವರು ಮೂರ್ತಿ ಒಪ್ಪಲಿಲ್ಲ, ಮಹಾಯಾನ ಬಂದಮೇಲೆ ಮೂರ್ತಿ ಶುರುವಾಯಿತು, ಅಷ್ಟೇ ಅಲ್ವಾ?

ಪಾಲಿ ಕಲಿಯುವವಳು

ಶಾಲೆಯ ಪುಸ್ತಕದಲ್ಲಿ ಹಾಗೇ ಇತ್ತು, ನಾನೂ ಓದಿದ್ದೇನೆ. ಆದರೆ ವಿಷಯ ಅಷ್ಟು ಸರಳ ಇಲ್ಲ. ಪಾಲಿಯ ವಿನಯಪಿಟಕದಲ್ಲಿ ಭಿಕ್ಷುಗಳು ಏನು ಉಡಬೇಕು, ಪಾತ್ರೆ ಹೇಗೆ ತೊಳೆಯಬೇಕು ಎಂಬ ತನಕ ನಿಯಮ ಇದೆ. ‘ಬುದ್ಧನ ಮೂರ್ತಿ ಮಾಡಬಾರದು’ ಎಂಬ ನಿಯಮ ಅಲ್ಲಿಲ್ಲ. ಸರ್ವಾಸ್ತಿವಾದಿಗಳು ಎಂಬ ಹಳೇ ಬೌದ್ಧ ಪಂಗಡದ ವಿನಯ ಚೀನೀ ಭಾಷೆಯಲ್ಲಿ ಉಳಿದಿದೆ. ಅದರಲ್ಲಿ ಒಂದು ಕುತೂಹಲದ ಮಾತು ಬರುತ್ತದೆ. ಅನಾಥಪಿಂಡಿಕ ಎಂಬ ಭಕ್ತ ವ್ಯಾಪಾರಿ ಬುದ್ಧನನ್ನು ಕೇಳುತ್ತಾನೆ: ನಿಮ್ಮ ದೇಹದ ಮೂರ್ತಿ ಮಾಡುವ ಹಾಗಿಲ್ಲ, ಬೋಧಿಸತ್ವನಾಗಿದ್ದಾಗಿನ, ಅಂದರೆ ಬುದ್ಧನಾಗುವ ಮೊದಲಿನ, ಮೂರ್ತಿಯನ್ನಾದರೂ ಮಾಡಿಸಬಹುದೇ? ಬುದ್ಧ ಒಪ್ಪುತ್ತಾನೆ. ಅಂದರೆ ಕೆಲವರಲ್ಲಿ ಸಂಕೋಚ ಇತ್ತು, ಕೆಲವರಲ್ಲಿ ಅದರ ಸುಳಿವೇ ಇಲ್ಲ.

ಭೀಮಾತೀರ ಅವರೇ, ನಿಮ್ಮ ತಂದೆಯವರ ಪ್ರಶ್ನೆಯನ್ನು ಆಗಿನವರೂ ಕೇಳಿದ್ದಾರೆ. ಕಾಲಿಂಗಬೋಧಿ ಜಾತಕದ ಆರಂಭದಲ್ಲಿ ಈ ಕತೆ ಇದೆ. ಜನ ಹೂವು ತಗೊಂಡು ಬುದ್ಧ ಇರುತ್ತಿದ್ದ ಜೇತವನ ವಿಹಾರಕ್ಕೆ ಬರುತ್ತಾರೆ. ಬುದ್ಧ ಊರಲ್ಲಿಲ್ಲ, ಸಂಚಾರಕ್ಕೆ ಹೋಗಿದ್ದಾನೆ. ಬಾಗಿಲ ಹತ್ತಿರ ಹೂವು ಇಟ್ಟು ವಾಪಸ್ ಹೋಗುತ್ತಾರೆ. ಅನಾಥಪಿಂಡಿಕ ಈ ಕೊರತೆಯನ್ನು ಬುದ್ಧನ ಶಿಷ್ಯ ಆನಂದನಿಗೆ ಹೇಳುತ್ತಾನೆ. ಆನಂದ ಬುದ್ಧನ ಹತ್ತಿರ ಹೋಗಿ, ‘ನೀವು ಇಲ್ಲದಾಗ ಪೂಜೆ ಮಾಡಲು ಏನಾದರೂ ಬೇಕಲ್ಲ?’ ಎಂದು ಕೇಳುತ್ತಾನೆ. ಬುದ್ಧ ಮೂರು ಬಗೆಯ ಚೈತ್ಯ, ಅಂದರೆ ಪೂಜೆ ಮಾಡಬಹುದಾದ ಗುರುತು, ಹೇಳುತ್ತಾನೆ. ದೇಹದ ಅವಶೇಷ ಒಂದು. ಅವನು ಬಳಸಿದ ವಸ್ತು ಇನ್ನೊಂದು. ಅವನನ್ನು ನೆನಪಿಸಲು ಮಾಡಿಕೊಂಡದ್ದು ಮೂರನೆಯದು. ಮೊದಲನೆಯದು ಅವನು ಬದುಕಿರುವಾಗ ಸಾಧ್ಯವಿಲ್ಲ. ಮೂರನೆಯದು ಬರೀ ಮನಸ್ಸಿನ ಕಲ್ಪನೆ, ಅದಕ್ಕೆ ಆಧಾರ ಇಲ್ಲ ಅನ್ನುತ್ತಾನೆ. ಅವನು ಬಳಸಿದ್ದು ಬೋಧಿವೃಕ್ಷ. ಹಾಗಾಗಿ ಅದರ ಬೀಜ ತಂದು ಜೇತವನದಲ್ಲಿ ನೆಟ್ಟರು.

ಕನಗನಹಳ್ಳಿಯ ಅರಳಿಮರ, ಪೀಠ, ಪಾದ ಈ ಮೂರನ್ನೂ ಈ ಕತೆ ಇಟ್ಟುಕೊಂಡು ಮತ್ತೊಮ್ಮೆ ನೋಡಿ.

ಉಳಿಪೆಟ್ಟು

ನಮ್ಮದು ತಲೆಮಾರುಗಳಿಂದ ಕಲ್ಲಿನ ಕೆಲಸದ ಮನೆ. ಪುಸ್ತಕದ ಮಾತು ನನಗೆ ಜಾಸ್ತಿ ಗೊತ್ತಿಲ್ಲ. ಕಲ್ಲಿನ ಮಾತು ಹೇಳುತ್ತೇನೆ.

‘ಆಗಿನವರಿಗೆ ಕೆತ್ತಲು ಬರುತ್ತಿರಲಿಲ್ಲ’ ಅನ್ನುವವರು ಸಾಂಚಿಗೆ ಹೋಗಿ ಬರಬೇಕು. ಅಲ್ಲಿನ ಸ್ತೂಪದ ದಕ್ಷಿಣದ ತೋರಣದ, ಅಂದರೆ ಕಲ್ಲಿನ ಹೆಬ್ಬಾಗಿಲಿನ, ಮೇಲೆ ಒಂದು ಬರಹ ಇದೆ. ಈ ಕೆಲಸ ಮಾಡಿದವರು ವಿದಿಶೆಯ ದಂತದ ಕೆಲಸಗಾರರು ಎಂದು ಅದರಲ್ಲಿದೆ. ಆನೆದಂತದಲ್ಲಿ ಬೆರಳ ಗಾತ್ರದ ಬೊಂಬೆ ಕೊರೆಯುವವರು ಮರಳುಗಲ್ಲಿಗೆ ಕೈ ಹಾಕಿದ್ದಾರೆ. ಅದೇ ತೋರಣದಲ್ಲಿ ರಾಜ ಸಾತಕರ್ಣಿಯ ಕೆಲಸಗಾರರ ಮುಖ್ಯಸ್ಥ ಆನಂದ ಎಂಬುವನ ಹೆಸರೂ ಇದೆ. ಅವರ ಕೈಗೆ ಆಗದ ಕೆಲಸ ಯಾವುದೂ ಇರಲಿಲ್ಲ.

ಪೂರ್ವದ ತೋರಣದಲ್ಲಿ ಸಿದ್ಧಾರ್ಥ ಮನೆ ಬಿಟ್ಟು ಹೋಗುವ ದೃಶ್ಯ ಇದೆ. ಅಡ್ಡತೊಲೆಯ ಒಂದು ತುದಿಯಲ್ಲಿ ಊರು. ಊರ ಬಾಗಿಲಿಂದ ಕುದುರೆ ಹೊರಡುತ್ತದೆ. ಬೆನ್ನ ಮೇಲೆ ಯಾರೂ ಇಲ್ಲ, ಆದರೆ ಮೇಲೆ ಕೊಡೆ ಹಿಡಿದಿದ್ದಾರೆ. ಅದೇ ಕುದುರೆ ಸ್ವಲ್ಪ ಮುಂದೆ ಮತ್ತೆ ಬರುತ್ತದೆ, ಇನ್ನೂ ಮುಂದೆ ಮತ್ತೆ ಬರುತ್ತದೆ. ಪ್ರತಿ ಸಲ ಕೊಡೆ ಇದೆ. ಕೊನೆಗೆ ಇನ್ನೊಂದು ತುದಿಯಲ್ಲಿ ಎರಡು ಪಾದದ ಗುರುತು, ಅದರ ಮುಂದೆ ಮಂಡಿಯೂರಿದ ಸಾರಥಿ ಚನ್ನ. ಕೆಳಗೆ ಕುದುರೆ ಊರ ಕಡೆ ತಿರುಗಿ ಬರುತ್ತಿದೆ. ಈಗ ಕೊಡೆ ಇಲ್ಲ.

ಆ ಕೊಡೆ ಇಲ್ಲದ ಕುದುರೆ ನೋಡಿದಾಗ ನನ್ನ ಕಣ್ಣು ತುಂಬಿ ಬಂತು. ಖಾಲಿ ಬೆನ್ನು ಎರಡೂ ಕಡೆ ಒಂದೇ. ಹೋಗುವಾಗ ಅದರ ಮೇಲೆ ಒಬ್ಬ ಇದ್ದಾನೆ, ಬರುವಾಗ ಇಲ್ಲ. ಬರೀ ಒಂದು ಕೊಡೆಯಿಂದ ಇದನ್ನು ಹೇಳಿದವನು ಎಂಥ ಕೆಲಸಗಾರ! ಒಂದು ಮೂರ್ತಿ ಕೆತ್ತುವುದಕ್ಕಿಂತ ಇದು ಕಷ್ಟ. ಮೂರ್ತಿ ಮಾಡಿಬಿಟ್ಟರೆ ನೋಡುವವನಿಗೆ ಏನೂ ಕೆಲಸ ಇರುವುದಿಲ್ಲ.

ಹಳೇಕಟ್ಟೆ

ಉಳಿಪೆಟ್ಟು ಅವರ ಬರಹ ಓದಿ ಮನಸ್ಸು ತುಂಬಿತು. ಆದರೂ ಒಂದು ತಕರಾರು ಇದೆ.

ಖಾಲಿ ಪೀಠ ಕಂಡ ಕೂಡಲೇ ‘ಇಲ್ಲಿ ಬುದ್ಧ ಇದ್ದಾನೆ, ಆದರೆ ತೋರಿಸಿಲ್ಲ’ ಎಂದು ಓದುವುದು ನೂರು ವರ್ಷದಿಂದ ಬಂದ ಅಭ್ಯಾಸ. ಫ್ರೆಂಚ್ ವಿದ್ವಾಂಸ ಫೂಷೆ ಹಾಗೆ ಓದಿದ. ಎಲ್ಲರೂ ಹಾಗೇ ಓದಿದರು. 1990ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ್ತಿ ಸೂಸನ್ ಹಂಟಿಂಗ್ಟನ್ ಬೇರೆ ಮಾತು ಹೇಳಿದರು. ಈ ಕಲ್ಲುಗಳಲ್ಲಿ ಬಹುಪಾಲು ಬುದ್ಧನ ಜೀವನದ ದೃಶ್ಯಗಳೇ ಅಲ್ಲ. ಅವನು ಹೋದಮೇಲೆ ಭಕ್ತರು ಬೋಧಗಯೆಗೆ ಹೋಗಿ ಮರಕ್ಕೆ ಪೂಜೆ ಮಾಡುತ್ತಿದ್ದಾರೆ. ಶಿಲ್ಪಿ ಕಂಡದ್ದನ್ನೇ ಕೆತ್ತಿದ್ದಾನೆ. ಪೀಠ ಖಾಲಿ, ಯಾಕೆಂದರೆ ಅಲ್ಲಿ ನಿಜವಾಗಿಯೂ ಖಾಲಿ ಪೀಠವೇ ಇತ್ತು.

ನಮ್ಮ ಜಾತ್ರೆಯ ಫೋಟೋ ತೆಗೆದು, ‘ಇದರಲ್ಲಿ ಶರಣರು ಯಾಕಿಲ್ಲ?’ ಎಂದು ಕೇಳಿದರೆ ಹೇಗೆ? ಅದು ಶರಣರ ಜೀವನದ ಚಿತ್ರ ಅಲ್ಲ, ಜಾತ್ರೆಯ ಚಿತ್ರ. ಕನಗನಹಳ್ಳಿ ಚಪ್ಪಡಿಯೂ ಹಾಗೇ ಇರಬಹುದಲ್ಲ?

ಪಾಲಿ ಕಲಿಯುವವಳು

ಹಳೇಕಟ್ಟೆ ಸರ್, ಜಾತ್ರೆಯ ಹೋಲಿಕೆ ತುಂಬ ಚೆನ್ನಾಗಿದೆ. ಕೆಲವು ಕಲ್ಲುಗಳಿಗೆ ಅದು ಸರಿ ಹೊಂದುತ್ತದೆ. ಎಲ್ಲಕ್ಕೂ ಹೊಂದುವುದಿಲ್ಲ.

ಮಧ್ಯಪ್ರದೇಶದ ಭರಹುತ್ ಸ್ತೂಪವನ್ನೇ ನೋಡಿ. ಕ್ರಿ.ಪೂ. 2ನೇ ಶತಮಾನದ ಸುಮಾರಿನದು. ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ 1873ರಲ್ಲಿ ಕಂಡ. ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಭರಹುತ್‌ನ ದೊಡ್ಡ ಉಪಕಾರ ಏನೆಂದರೆ ಚಿತ್ರದ ಪಕ್ಕದಲ್ಲೇ ಹೆಸರು ಬರೆದಿದ್ದಾರೆ. ಒಂದು ಕಂಬದಲ್ಲಿ ರಾಜ ಆನೆಯ ಮೇಲೆ ಬರುತ್ತಾನೆ, ಇಳಿಯುತ್ತಾನೆ, ಕೊನೆಗೆ ಒಂದು ಪೀಠದ ಮುಂದೆ ಮಂಡಿಯೂರಿ ಕೈ ಮುಗಿಯುತ್ತಾನೆ. ಪೀಠ ಖಾಲಿ, ಕೆಳಗೆ ಪಾದಗಳು. ಪಕ್ಕದಲ್ಲಿ ಬರೆದಿರುವುದು: ‘ಅಜಾತಸತು ಭಗವತೋ ವಂದತೇ’. ಅಜಾತಶತ್ರು ಭಗವಂತನಿಗೆ ವಂದಿಸುತ್ತಾನೆ. ‘ಪೀಠಕ್ಕೆ ವಂದಿಸುತ್ತಾನೆ’ ಎಂದು ಬರೆದಿಲ್ಲ. ಅಜಾತಶತ್ರು ಬುದ್ಧನ ಕಾಲದವನು, ಅವನು ಬುದ್ಧನನ್ನು ನೋಡಲು ಹೋದ ಕತೆ ಪಿಟಕದಲ್ಲೇ ಇದೆ. ಅಲ್ಲಿಗೆ ಪೀಠದ ಮೇಲೆ ಬುದ್ಧ ಕೂತಿದ್ದಾನೆ ಎಂದೇ ಅರ್ಥ.

ಇನ್ನೊಂದು ಭರಹುತ್ ಕಲ್ಲಿನಲ್ಲಿ ಆಕಾಶದಿಂದ ಇಳಿಯುವ ಏಣಿ ಇದೆ. ಬುದ್ಧ ದೇವಲೋಕದಲ್ಲಿ ತಾಯಿಗೆ ಧರ್ಮ ಹೇಳಿ ಸಂಕಾಶ್ಯಕ್ಕೆ ಇಳಿದ ಕತೆ ಅದು. ಏಣಿಯ ಮೇಲಿನ ಮೆಟ್ಟಿಲಲ್ಲಿ ಒಂದು ಹೆಜ್ಜೆ, ಕೆಳಗಿನ ಮೆಟ್ಟಿಲಲ್ಲಿ ಒಂದು ಹೆಜ್ಜೆ. ಇದು ಯಾತ್ರಿಕರ ಚಿತ್ರ ಹೇಗಾಗುತ್ತದೆ?

ಇನ್ನೊಬ್ಬ ಕಲಾ ಇತಿಹಾಸಕಾರ್ತಿ ವಿದ್ಯಾ ದೇಹೇಜಿಯಾ 1991ರಲ್ಲಿ ಕೊಟ್ಟ ಉತ್ತರ ನನಗೆ ಹೆಚ್ಚು ಒಪ್ಪಿಗೆ. ಒಂದೇ ಮರ ಒಂದು ಕಡೆ ಬುದ್ಧ, ಇನ್ನೊಂದು ಕಡೆ ಬೋಧಗಯೆ, ಮತ್ತೊಂದು ಕಡೆ ಅರಿವು ಮೂಡಿದ ಆ ಗಳಿಗೆ. ಒಂದೇ ಕಲ್ಲಿನಲ್ಲಿ ಮೂರೂ ಇರಬಹುದು. ‘ಇದೋ ಅದೋ’ ಎಂದು ಹಟ ಹಿಡಿಯುವುದು ನಮ್ಮ ಕಾಲದ ಅಭ್ಯಾಸ.

ಹಳೇಕಟ್ಟೆ

ಅಜಾತಶತ್ರುವಿನ ಬರಹದ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ಒಪ್ಪಿದೆ. ಬೋಧಗಯೆಯ ಮರದ ಚಿತ್ರಗಳ ಮಟ್ಟಿಗೆ ಮಾತ್ರ ನನ್ನ ಮಾತು ಉಳಿಸಿಕೊಳ್ಳುತ್ತೇನೆ.

ಓದುಗ72

ಇಷ್ಟೆಲ್ಲ ಓದಿ ತಲೆ ತಿರುಗುತ್ತಿದೆ, ಆದರೆ ಖುಷಿಯೂ ಆಗುತ್ತಿದೆ. ಹಾಗಾದರೆ ಮೊದಲ ಮೂರ್ತಿ ಮಾಡಿದವರು ಯಾರು? ಗ್ರೀಕರು ಅಂತಾರಲ್ಲ?

ಹಳೇಕಟ್ಟೆ

ಅದು ದೊಡ್ಡ ಜಗಳ. ಗಾಂಧಾರದ, ಅಂದರೆ ಈಗಿನ ಪಾಕಿಸ್ತಾನದ ವಾಯವ್ಯ ಕಡೆಯ, ಬುದ್ಧನನ್ನು ನೀವು ನೋಡಿರುತ್ತೀರಿ. ಕಪ್ಪು-ಬೂದು ಬಣ್ಣದ ಪದರಗಲ್ಲು, ಅಲೆ ಅಲೆ ಕೂದಲು, ಗ್ರೀಕರ ಅಪೋಲೋ ತರಹದ ಮುಖ, ಎರಡೂ ಭುಜ ಮುಚ್ಚಿದ ದಪ್ಪ ಬಟ್ಟೆಯ ಮಡಿಕೆಗಳು. ಫೂಷೆ ಇದನ್ನು ನೋಡಿ ಬುದ್ಧನ ಮೂರ್ತಿಗೆ ಗ್ರೀಕರೇ ಮೂಲ ಅಂದ. ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ 1927ರಲ್ಲಿ ಅದಕ್ಕೆ ಎದುರು ನಿಂತರು. ಮಥುರೆಯ ಕೆಂಪು ಮರಳುಗಲ್ಲಿನ ಬುದ್ಧನನ್ನು ತೋರಿಸಿದರು. ಅಗಲ ಎದೆ, ತೆಳು ಬಟ್ಟೆ, ಒಂದು ಭುಜ ಬರಿದು, ನಗುಮುಖ, ಎತ್ತಿದ ಬಲಗೈ. ಅದು ನಮ್ಮ ನೆಲದ ಯಕ್ಷ ಮೂರ್ತಿಗಳ ವಂಶ, ಅದರಲ್ಲಿ ಗ್ರೀಕರದ್ದು ಏನೂ ಇಲ್ಲ ಎಂದರು. ನನಗೆ ಕುಮಾರಸ್ವಾಮಿ ಹೇಳಿದ್ದೇ ಸರಿ ಅನಿಸುತ್ತದೆ. ಗಾಂಧಾರದವರು ತಮ್ಮ ಕಡೆಯ ರೂಢಿಯಲ್ಲಿ ಮಾಡಿದರು, ಮಥುರೆಯವರು ತಮ್ಮ ರೂಢಿಯಲ್ಲಿ. ಎರಡೂ ಕುಷಾಣರ ಆಳ್ವಿಕೆಯ ಸೀಮೆಗಳು. ಆ ವಂಶದ ಕನಿಷ್ಕನ ಚಿನ್ನದ ನಾಣ್ಯದ ಮೇಲೆ ನಿಂತ ಬುದ್ಧ ಇದ್ದಾನೆ, ಪಕ್ಕದಲ್ಲಿ ಗ್ರೀಕ್ ಅಕ್ಷರದಲ್ಲಿ ‘ಬೊದ್ದೊ’ ಎಂದು ಬರೆದಿದೆ.

ಓದುಗ72 ಅವರ ಮೊದಲ ಮಾತಿಗೂ ಇಲ್ಲೇ ಉತ್ತರ ಇದೆ. ಮಹಾಯಾನದವರು ಮೂರ್ತಿ ತಂದರು ಅನ್ನುವುದಕ್ಕೆ ಆಧಾರ ತೆಳು. ಕನಿಷ್ಕನ 3ನೇ ವರ್ಷದಲ್ಲಿ, ಅಂದರೆ ಕ್ರಿ.ಶ. 130ರ ಸುಮಾರಿಗೆ, ಬಲ ಎಂಬ ಭಿಕ್ಷು ಸಾರನಾಥದಲ್ಲಿ ಒಂದು ದೊಡ್ಡ ಮೂರ್ತಿ ನಿಲ್ಲಿಸಿದ. ಮಥುರೆಯ ಕೆಂಪು ಕಲ್ಲು, ಆಳೆತ್ತರಕ್ಕೂ ಮೀರಿದ ಗಾತ್ರ, ಮೇಲೆ ಕಲ್ಲಿನ ಕೊಡೆ. ನೋಡಿದರೆ ಥೇಟ್ ಬುದ್ಧ. ಬರಹದಲ್ಲಿ ಮಾತ್ರ ‘ಬೋಧಿಸತ್ವ’ ಎಂದಿದೆ!

ಪಾಲಿ ಕಲಿಯುವವಳು

ಅನಾಥಪಿಂಡಿಕ ಕೇಳಿದ್ದೂ ಅದೇ ಅಲ್ವಾ ಸರ್? ಬುದ್ಧನ ಮೂರ್ತಿ ಮಾಡುವ ಹಾಗಿಲ್ಲ, ಬೋಧಿಸತ್ವನದು ಮಾಡಬಹುದು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಆ ಬಲನ ಶಿಷ್ಯೆ ಒಬ್ಬಳಿದ್ದಳು, ಭಿಕ್ಷುಣಿ ಬುದ್ಧಮಿತ್ರಾ. ತ್ರಿಪಿಟಕ ಬಲ್ಲವಳು ಎಂದು ಶಾಸನವೇ ಹೇಳುತ್ತದೆ. ಕನಿಷ್ಕನ 2ನೇ ವರ್ಷದಲ್ಲಿ ಕೌಶಾಂಬಿಯಲ್ಲಿ ಇಂಥದೇ ಮೂರ್ತಿ ನಿಲ್ಲಿಸಿದವಳು ಆಕೆ. ಗುರುವಿಗಿಂತ ಒಂದು ವರ್ಷ ಮೊದಲೇ! ‘ಓದಿದ ಭಿಕ್ಷುಗಳಿಗೆ ಮೂರ್ತಿ ಬೇಡವಾಗಿತ್ತು, ಏನೂ ತಿಳಿಯದ ಜನಕ್ಕೆ ಬೇಕಾಗಿತ್ತು’ ಎಂದು ಬರೆಯುವವರನ್ನು ಕಂಡಾಗ ನನಗೆ ಬುದ್ಧಮಿತ್ರಾ ನೆನಪಾಗುತ್ತಾಳೆ. ಮೂರು ಪಿಟಕ ಓದಿಕೊಂಡ ಹೆಂಗಸು ಮೂರ್ತಿ ಮಾಡಿಸಿದಳು. ಅವಳಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು.

ಕುಶಾಲನಗರದವಳು

ನಾನು ಓದಿದವಳಲ್ಲ, ಕಂಡದ್ದು ಹೇಳಬಹುದಾ?

ನಮ್ಮ ಊರಿನ ಪಕ್ಕದಲ್ಲೇ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟಿನವರು ಬಂದು ನೆಲೆಸಿದ ಜಾಗ. ಚಿನ್ನದ ದೇವಸ್ಥಾನ ಅಂತ ಎಲ್ಲರೂ ನೋಡಲು ಬರುತ್ತಾರಲ್ಲ, ನಾಮ್‌ಡ್ರೋಲಿಂಗ್ ಮಠ, ಅಲ್ಲಿ ಪದ್ಮಸಂಭವ, ಬುದ್ಧ, ಅಮಿತಾಯುಸ್ ಮೂರು ದೊಡ್ಡ ಮೂರ್ತಿಗಳಿವೆ. ಜನ ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ.

ನನಗೆ ಅಲ್ಲಿ ಒಬ್ಬ ಅಜ್ಜಿ ಪರಿಚಯ. ಅವರ ಮನೆಯಲ್ಲಿ ಒಂದು ಸಣ್ಣ ತಾರಾ ಮೂರ್ತಿ ಇದೆ. ಒಮ್ಮೆ ಅದನ್ನು ತಿರುಗಿಸಿ ತಳ ತೋರಿಸಿದರು. ತಾಮ್ರದ ತಗಡು ಹಾಕಿ ಮುಚ್ಚಿದ್ದಾರೆ. ಒಳಗೆ ಏನಿದೆ ಅಂದೆ. ಮಂತ್ರ ಬರೆದ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ತುಂಬುತ್ತಾರಂತೆ. ನಡುವೆ ತಲೆಯಿಂದ ತಳದವರೆಗೆ ಒಂದು ಮರದ ಕಡ್ಡಿ, ಅದಕ್ಕೆ ‘ಸೋಕ್ ಶಿಂಗ್’ ಅಂತಾರೆ, ಜೀವದ ಮರ ಅಂತ ಅರ್ಥ. ಒಳಗೆ ತುಂಬಿ, ಪ್ರತಿಷ್ಠೆ ಮಾಡುವ ತನಕ ಅದು ಬರೀ ಲೋಹ ಎಂದರು ಅಜ್ಜಿ. ಖಾಲಿ ಮೂರ್ತಿಯನ್ನು ಪೂಜೆಗೆ ಇಡುವುದಿಲ್ಲ.

ಇಲ್ಲಿ ಖಾಲಿ ಪೀಠದ ಮಾತು ಓದುತ್ತಾ ಅದೇ ನೆನಪಾಯಿತು. ಅವರು ಒಳಗಿನ ಜಾಗವನ್ನು ಬುದ್ಧನ ಮಾತಿನಿಂದ ತುಂಬುತ್ತಾರೆ. ಹೊರಗಿನ ಮುಖ ಆಮೇಲೆ.

ಉಳಿಪೆಟ್ಟು

ಅಕ್ಕಾ, ನಮ್ಮಲ್ಲೂ ವಿಗ್ರಹದ ಕಣ್ಣು ಕೊನೆಗೆ ತೆರೆಯುವುದು. ನೇತ್ರೋನ್ಮೀಲನ. ಕಣ್ಣು ಬಿಡಿಸುವ ತನಕ ಅದು ನಮ್ಮ ಕೆಲಸದ ಕಲ್ಲು, ಕಾಲು ಇಟ್ಟು ಕೆತ್ತುತ್ತೇವೆ. ಕಣ್ಣು ಬಿಡಿಸಿದ ಮೇಲೆ ಮುಟ್ಟಲು ಕೈ ನಡುಗುತ್ತದೆ. ಶ್ರೀಲಂಕಾದಲ್ಲಿ ಬುದ್ಧನ ಮೂರ್ತಿಗೆ ಕಣ್ಣು ಬರೆಯುವವನು ನೇರ ನೋಡುವ ಹಾಗಿಲ್ಲ. ಬೆನ್ನು ತಿರುಗಿಸಿ ನಿಂತು ಕನ್ನಡಿಯಲ್ಲಿ ನೋಡಿಕೊಂಡು ಬರೆಯುತ್ತಾನೆ. ಮೊದಲ ನೋಟ ತಡೆಯುವ ಶಕ್ತಿ ಮನುಷ್ಯನಿಗಿಲ್ಲ ಎಂಬ ನಂಬಿಕೆ.

ಕ್ಯೋಟೋ ಕನ್ನಡಿಗ

ಕುಶಾಲನಗರದ ಅಕ್ಕನ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ನಾನಿರುವ ಕ್ಯೋಟೋದಲ್ಲಿ ಸೈರ್ಯೋಜಿ ಎಂಬ ದೇವಸ್ಥಾನ ಇದೆ. ಅಲ್ಲಿನ ಮರದ ಶಾಕ್ಯಮುನಿಯನ್ನು 985ರಲ್ಲಿ ಚೀನಾದಲ್ಲಿ ಕೆತ್ತಿದ್ದು. ಚೋನೆನ್ ಎಂಬ ಜಪಾನಿ ಭಿಕ್ಷು ಮಾಡಿಸಿ ತಂದ. 1954ರಲ್ಲಿ ರಿಪೇರಿಗೆಂದು ಬೆನ್ನ ಹಲಗೆ ತೆಗೆದರೆ ಒಳಗೆ ರೇಷ್ಮೆ ಬಟ್ಟೆಯಲ್ಲಿ ಹೊಲಿದ ಹೃದಯ, ಶ್ವಾಸಕೋಶ, ಹೊಟ್ಟೆ, ಕರುಳು! ಸಾವಿರ ವರ್ಷ ಹಿಂದೆ ಯಾರೋ ಕೂತು ಬುದ್ಧನಿಗೆ ಕರುಳು ಹೊಲಿದಿದ್ದಾರೆ.

ಈ ಮೂರ್ತಿಯ ಕತೆ ನಿಮ್ಮ ಖಾಲಿ ಪೀಠದಿಂದಲೇ ಶುರುವಾಗುತ್ತದೆ. ಬುದ್ಧ ತಾಯಿಗೆ ಧರ್ಮ ಹೇಳಲು ದೇವಲೋಕಕ್ಕೆ ಹೋದಾಗ ಕೌಶಾಂಬಿಯ ಉದಯನ ರಾಜನಿಗೆ ಅವನನ್ನು ನೋಡದೆ ಇರಲಾಗಲಿಲ್ಲ. ಗಂಧದ ಮರದಲ್ಲಿ ಮೂರ್ತಿ ಮಾಡಿಸಿದ. ಬುದ್ಧ ಏಣಿ ಇಳಿದು ವಾಪಸ್ ಬಂದಾಗ ಆ ಮೂರ್ತಿಯೇ ಎದ್ದು ನಿಂತು ಸ್ವಾಗತಿಸಿತಂತೆ. ಯುವಾನ್‌ಚಾಂಗ್ 645ರಲ್ಲಿ ಭಾರತದಿಂದ ಚೀನಾಕ್ಕೆ ಮರಳಿದಾಗ 657 ಗ್ರಂಥಗಳ ಜೊತೆ ಕೆಲವು ಮೂರ್ತಿಗಳನ್ನೂ ತಂದ. ಅದರಲ್ಲಿ ಉದಯನನ ಮೂರ್ತಿಯ ಪ್ರತಿಯೂ ಇತ್ತು. ಸೈರ್ಯೋಜಿಯದ್ದು ಅದೇ ಸಾಲಿನ ಪ್ರತಿ ಎಂದು ಇಲ್ಲಿ ನಂಬುತ್ತಾರೆ. ಭರಹುತ್‌ನಲ್ಲಿ ಏಣಿಯ ಮೇಲೆ ಎರಡು ಹೆಜ್ಜೆ ಬಿಟ್ಟು ಏನೂ ಇಲ್ಲ. ಅದೇ ಏಣಿ ಇಳಿದ ಕತೆ ಇಲ್ಲಿಗೆ ಬರುವ ಹೊತ್ತಿಗೆ ಬುದ್ಧನಿಗೆ ಕರುಳು ಕೂಡ ಬಂದಿದೆ. ನನಗೆ ಇದು ದಿನಾ ಆಶ್ಚರ್ಯ.

ಉಳಿಪೆಟ್ಟು ಅವರಿಗಾಗಿ ಒಂದು ಮಾತು. ನಾರಾದ ತೋದಾಯ್‌ಜಿಯಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಇದ್ದಾನೆ. 752ರಲ್ಲಿ ಅದಕ್ಕೆ ಕಣ್ಣು ಬರೆದವನು ಭಾರತದಿಂದ ಬಂದ ಭಿಕ್ಷು ಬೋಧಿಸೇನ. ಅವನ ಕುಂಚಕ್ಕೆ ಉದ್ದದ ಹಗ್ಗ ಕಟ್ಟಿದ್ದರು. ಕೆಳಗೆ ನೆರೆದವರು ಆ ಹಗ್ಗ ಹಿಡಿದುಕೊಂಡರು. ಕಣ್ಣು ಬರೆಯುವ ಪುಣ್ಯ ಎಲ್ಲರಿಗೂ ಸೇರಲಿ ಎಂದು. ಆ ಕುಂಚವೂ ಹಗ್ಗವೂ ನಾರಾದ ಶೋಸೋಯಿನ್ ಭಂಡಾರದಲ್ಲಿ ಇವತ್ತಿಗೂ ಇವೆ.

ಓದುಗ72

ಆ ಹಗ್ಗದ ವಿಷಯ ಓದಿ ಮೈ ಜುಮ್ಮೆಂದಿತು. ತೇರಿನ ಮಿಣಿ ಹಿಡಿದ ಹಾಗೆ.

ಪಾಲಿ ಕಲಿಯುವವಳು

ಇಷ್ಟೆಲ್ಲ ಮೂರ್ತಿ ಬಂದಮೇಲೂ ಆ ಹಳೇ ಸಂಕೋಚ ಹೋಗಲಿಲ್ಲ ಎಂಬುದು ನನ್ನನ್ನು ಹಿಡಿದು ನಿಲ್ಲಿಸುವ ವಿಷಯ. ಚೀನಾದ ಟಾಂಗ್ ಕಾಲದ ಚಾನ್ (ಜಪಾನಿನವರು ಝೆನ್ ಅನ್ನುವ ಪಂಥ) ಗುರು ದಾನ್‌ಶಿಯಾನ ಕತೆ ಇದೆ. ಚಳಿಗಾಲದ ರಾತ್ರಿ ಮಠದಲ್ಲಿದ್ದ ಮರದ ಬುದ್ಧನನ್ನು ತೆಗೆದು ಬೆಂಕಿ ಹಾಕಿ ಮೈ ಕಾಯಿಸಿಕೊಂಡ. ಮಠದವನು ಓಡಿ ಬಂದು ಬೈದ. ‘ಬೂದಿಯಲ್ಲಿ ಬುದ್ಧನ ಅವಶೇಷ ಹುಡುಕುತ್ತಿದ್ದೇನೆ’ ಎಂದ ದಾನ್‌ಶಿಯಾ. ‘ಮರದಲ್ಲಿ ಅವಶೇಷ ಎಲ್ಲಿಂದ ಬರಬೇಕು?’ ಎಂದ ಅವನು. ‘ಹಾಗಾದರೆ ಬೈಯುವುದು ಯಾಕೆ?’

ಕಾಲಿಂಗಬೋಧಿ ಜಾತಕದಲ್ಲಿ ‘ಆಧಾರವಿಲ್ಲದ್ದು, ಮನಸ್ಸಿನ ಕಲ್ಪನೆ’ ಎಂದದ್ದು ಅಲ್ಲಿ ಬೆಂಕಿಯಾಗಿ ಉರಿಯುತ್ತಿದೆ.

ಪಾಲಿ ಸುತ್ತಗಳಲ್ಲಿ ವಕ್ಕಲಿ ಎಂಬ ಭಿಕ್ಷುವಿನ ಪ್ರಸಂಗ ಬರುತ್ತದೆ. ಕಾಯಿಲೆ ಬಿದ್ದಿದ್ದಾನೆ. ಬುದ್ಧನನ್ನು ನೋಡಬೇಕು ಎಂದು ಬಹಳ ದಿನದಿಂದ ಆಸೆ, ಎದ್ದು ಹೋಗಲು ಶಕ್ತಿ ಇಲ್ಲ. ಬುದ್ಧನೇ ಬರುತ್ತಾನೆ. ಬಂದು, ‘ಸಾಕು ವಕ್ಕಲಿ, ಈ ಕೊಳೆಯುವ ದೇಹ ನೋಡಿ ಏನು ಮಾಡುತ್ತೀ? ಧಮ್ಮವನ್ನು ಕಂಡವನು ನನ್ನನ್ನು ಕಾಣುತ್ತಾನೆ’ ಎನ್ನುತ್ತಾನೆ. ಆದರೆ ಗಮನಿಸಿ, ಅಷ್ಟು ಹೇಳುವುದಕ್ಕೆ ಅವನು ನಡೆದು ಬಂದ. ನೋಡಬೇಕೆಂಬ ಆಸೆಯನ್ನು ಅವನು ಕಡೆಗಣಿಸಲಿಲ್ಲ.

ಇನ್ನೊಂದು ಕಡೆ ವಚ್ಚಗೋತ್ತ ಕೇಳುತ್ತಾನೆ, ಮುಕ್ತನಾದವನು ಸತ್ತಮೇಲೆ ಎಲ್ಲಿ ಹುಟ್ಟುತ್ತಾನೆ ಎಂದು. ಬುದ್ಧ ತಿರುಗಿ ಕೇಳುತ್ತಾನೆ: ಎದುರಿನ ಬೆಂಕಿ ಆರಿದರೆ ಅದು ಯಾವ ದಿಕ್ಕಿಗೆ ಹೋಯಿತು ಅನ್ನುತ್ತೀಯ? ಪೂರ್ವಕ್ಕಾ, ಪಶ್ಚಿಮಕ್ಕಾ? ಆ ಪ್ರಶ್ನೆಯೇ ಹೊಂದುವುದಿಲ್ಲ ಎನ್ನುತ್ತಾನೆ ವಚ್ಚಗೋತ್ತ. ಹಾಗೇ ತಥಾಗತನನ್ನು, ಅಂದರೆ ಬುದ್ಧನನ್ನು, ರೂಪದಿಂದ ಅಳೆಯಲು ಬರುವುದಿಲ್ಲ, ಅವನು ಸಮುದ್ರದ ಹಾಗೆ ಆಳ. ‘ಇದ್ದಾನೆ’ ಅನ್ನಲೂ ಬಾರದು, ‘ಇಲ್ಲ’ ಅನ್ನಲೂ ಬಾರದು. ಇದನ್ನು ಕಲ್ಲಿನಲ್ಲಿ ಕೆತ್ತು ಎಂದರೆ ಶಿಲ್ಪಿ ಏನು ಮಾಡಬೇಕು? ಪೀಠ ಹಾಕಿ, ಕೊಡೆ ಹಿಡಿಸಿ, ನಡುವೆ ಜಾಗ ಬಿಡಬೇಕು.

ಲಂಡನ್ನಿನಿಂದ

ಮೇಡಂ ಹೇಳಿದ ಸಂಕೋಚಕ್ಕೆ ನಾನಿರುವ ಊರಲ್ಲಿ ಎರಡು ಸಾಕ್ಷಿ ಇವೆ.

ಒಂದು ಬ್ರಿಟಿಷ್ ಲೈಬ್ರರಿಯಲ್ಲಿರುವ ವಜ್ರಚ್ಛೇದಿಕಾ ಸೂತ್ರದ ಪ್ರತಿ. ಚೀನೀ ಭಾಷೆಯದು, ಮರದ ಅಚ್ಚಿನಿಂದ ಒತ್ತಿದ್ದು. ಇಸವಿ 868. ವಾಂಗ್ ಜಿಯೆ ಎಂಬುವನು ತಂದೆ ತಾಯಿಯ ಹೆಸರಲ್ಲಿ ಹಂಚಲು ಮಾಡಿಸಿದ. ಚೀನಾದ ದುನ್‌ಹುವಾಂಗ್ ಗುಹೆಯಿಂದ 1907ರಲ್ಲಿ ಪುರಾತತ್ವಜ್ಞ ಸ್ಟೈನ್ ತಂದದ್ದು. ಸೂತ್ರದಲ್ಲಿ ಬುದ್ಧ ಹೇಳುತ್ತಾನೆ, ರೂಪದಲ್ಲಿ ನನ್ನನ್ನು ಹುಡುಕುವವನು, ದನಿಯಲ್ಲಿ ನನ್ನನ್ನು ಹುಡುಕುವವನು ದಾರಿ ತಪ್ಪಿದ್ದಾನೆ ಎಂದು. ಆ ಸುರುಳಿ ಬಿಚ್ಚಿದ ಕೂಡಲೇ ಮೊದಲು ಕಾಣುವುದು ಶಿಷ್ಯರ ನಡುವೆ ಕೂತ ಬುದ್ಧನ ಚಿತ್ರ! ಅದನ್ನು ಅಚ್ಚು ಹಾಕಿದವನಿಗೆ ಚಿತ್ರವೂ ಬೇಕಿತ್ತು, ಮಾತೂ ಬೇಕಿತ್ತು.

ಇನ್ನೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆಂಧ್ರದ ಅಮರಾವತಿ ಸ್ತೂಪದ ಚಪ್ಪಡಿ. ಅಲ್ಲಿ 1845ರಲ್ಲಿ ಅಗೆಸಿದ ವಾಲ್ಟರ್ ಎಲಿಯಟ್ ನಮಗೂ ಬೇಕಾದವನು, ಧಾರವಾಡ ಕಡೆ ಕೆಲಸದಲ್ಲಿದ್ದಾಗ ಕನ್ನಡ ಶಾಸನಗಳನ್ನು ರಾಶಿ ರಾಶಿ ಸಂಗ್ರಹಿಸಿದವನು. ಈ ಚಪ್ಪಡಿಗೆ ಎರಡೂ ಕಡೆ ಕೆತ್ತನೆ ಇದೆ. ಒಂದು ಕಡೆ ಕ್ರಿ.ಪೂ. 1ನೇ ಶತಮಾನದ್ದು: ಮರ, ಖಾಲಿ ಪೀಠ, ಸುತ್ತ ಭಕ್ತರು. ಸುಮಾರು ಮುನ್ನೂರು ವರ್ಷ ಆದಮೇಲೆ ಅದೇ ಕಲ್ಲನ್ನು ತಿರುಗಿಸಿ ಹಿಂಬದಿಯಲ್ಲಿ ಹೊಸದಾಗಿ ಕೆತ್ತಿದ್ದಾರೆ. ಅಲ್ಲಿ ಸ್ತೂಪ ಇದೆ, ಅದರ ಬಾಗಿಲಲ್ಲಿ ಬುದ್ಧನೇ ನಿಂತಿದ್ದಾನೆ. ಹಳೇ ಕೆತ್ತನೆಯನ್ನು ಅಳಿಸಲಿಲ್ಲ, ಗೋಡೆ ಕಡೆ ತಿರುಗಿಸಿದರು ಅಷ್ಟೇ. ಈಗ ಸುತ್ತು ಹಾಕಿದರೆ ಎರಡೂ ಕಾಣುತ್ತವೆ. ನಾನು ಊಟದ ಬಿಡುವಿನಲ್ಲಿ ಹೋಗಿ ಎಷ್ಟೋ ಸಲ ಅದನ್ನು ಸುತ್ತು ಹಾಕಿ ಬಂದಿದ್ದೇನೆ.

ಹಳೇಕಟ್ಟೆ

ಈ ಚಪ್ಪಡಿಯ ವಿಷಯ ಕೊಟ್ಟದ್ದಕ್ಕೆ ತುಂಬ ಧನ್ಯವಾದ. ಕನಗನಹಳ್ಳಿಯಲ್ಲೂ ಆಮೇಲೆ ಬುದ್ಧನ ಮೂರ್ತಿಗಳು ಬಂದವು, ಅಗೆದಾಗ ಸಿಕ್ಕಿವೆ. ಒಂದೇ ಅಂಗಳದಲ್ಲಿ ಖಾಲಿ ಪೀಠವೂ ಇತ್ತು, ಮೂರ್ತಿಯೂ ಇತ್ತು. ಹೊಸದು ಬಂತೆಂದು ಹಳೆಯದನ್ನು ಹೊರಗೆ ಹಾಕಲಿಲ್ಲ.

ಮಳೆಗಾಲ

ತಡವಾಗಿ ಬಂದೆ, ಕ್ಷಮಿಸಿ. ಎಲ್ಲ ಓದಿದೆ. ಅಫ್ಘಾನಿಸ್ತಾನದ ಬಾಮಿಯಾನ್ ಬಗ್ಗೆ ಯಾರೂ ಬರೆಯಲಿಲ್ಲ. 55 ಮೀಟರ್, 38 ಮೀಟರ್ ಎತ್ತರದ ಬುದ್ಧರನ್ನು 2001ರ ಮಾರ್ಚ್‌ನಲ್ಲಿ ಒಡೆದರು. ಈಗ ಬಂಡೆಯಲ್ಲಿ ಗೂಡು ಮಾತ್ರ ಇದೆ. ಅದೂ ಖಾಲಿ ಪೀಠದ ಹಾಗೇ ಅಂತ ಕೆಲವರು ಬರೆಯುತ್ತಾರೆ.

ಉಳಿಪೆಟ್ಟು

ನನಗೆ ಹಾಗೆ ಹೇಳಲು ಮನಸ್ಸಾಗುವುದಿಲ್ಲ. ಸಾಂಚಿಯವನು ಜಾಗ ಬಿಟ್ಟದ್ದು ಪ್ರೀತಿಯಿಂದ. ಅಲ್ಲಿ ಕೆಲಸಗಾರರು ಎಷ್ಟೋ ವರ್ಷ ಬಂಡೆ ಕೊರೆದು, ಮಣ್ಣು ಹುಲ್ಲು ಕಲಸಿ ಬಟ್ಟೆಯ ಮಡಿಕೆ ತೀಡಿದ್ದರು. ಎರಡನ್ನೂ ಒಂದೇ ಮಾತಲ್ಲಿ ಹೇಳಿದರೆ ಅವರ ಬೆವರಿಗೆ ಅನ್ಯಾಯ.

ಮಳೆಗಾಲ

ನಿಜ ಅಣ್ಣಾ. ಆ ಮಾತು ವಾಪಸ್ ತಗೊಂಡೆ.

ಬದಲಿಗೆ ನಾನು ಕಂಡ ಜಾಗ ಹೇಳುತ್ತೇನೆ. ಜಾವಾದ ಬೊರೊಬುದೂರ್, ಸುಮಾರು 9ನೇ ಶತಮಾನದ್ದು, ಶೈಲೇಂದ್ರರ ಕಾಲದ್ದು. ಕೆಳಗಿನ ಚೌಕ ಅಂತಸ್ತುಗಳಲ್ಲಿ ಗೋಡೆ ತುಂಬ ಕತೆಗಳು, ಹಡಗು, ಅಡುಗೆ, ನೃತ್ಯ, ಜಾತಕ. ನೋಡುತ್ತಾ ಸುತ್ತು ಹಾಕುತ್ತಾ ಹತ್ತಬೇಕು. ಗೂಡುಗಳಲ್ಲಿ 432 ಬುದ್ಧರು ತೆರೆದು ಕೂತಿದ್ದಾರೆ. ಮೇಲೆ ಬಂದರೆ ದುಂಡನೆಯ ಮೂರು ಅಂತಸ್ತು. ಅಲ್ಲಿ ಗೋಡೆ ಇಲ್ಲ, ಕತೆ ಇಲ್ಲ, ಬರೀ ಗಾಳಿ. ಗಂಟೆಯಾಕಾರದ 72 ಕಲ್ಲಿನ ಸ್ತೂಪಗಳು, ಜಾಲಂಧ್ರದ ಹಾಗೆ ತೂತು ತೂತು. ತೂತಿನಲ್ಲಿ ಕಣ್ಣಿಟ್ಟರೆ ಒಳಗೆ ಬುದ್ಧ ಕೂತಿರುವುದು ಕಾಣುತ್ತದೆ. ಒಮ್ಮೆ ಭುಜ, ಒಮ್ಮೆ ಮೊಣಕಾಲು, ಪೂರ್ತಿ ಒಂದೇ ಸಲಕ್ಕೆ ಕಾಣುವುದಿಲ್ಲ. ನಟ್ಟನಡುವೆ ಎಲ್ಲಕ್ಕಿಂತ ದೊಡ್ಡ ಸ್ತೂಪ. ಅದಕ್ಕೆ ತೂತೂ ಇಲ್ಲ.

ಬೆಳಗಿನ ಜಾವ ಹತ್ತಿದ್ದೆ. ಆ ಮುಚ್ಚಿದ ಸ್ತೂಪಕ್ಕೆ ಬೆನ್ನು ಕೊಟ್ಟು ಕೂತಾಗ ಒಳಗೆ ಏನಿದೆ ಎಂದು ಕೇಳಬೇಕು ಅಂತಲೇ ಅನಿಸಲಿಲ್ಲ.

ಭೀಮಾತೀರ

ನಿನ್ನೆ ರಾತ್ರಿ ಊಟ ಆದಮೇಲೆ ಇದೆಲ್ಲ ಅಪ್ಪನಿಗೆ ಓದಿ ಹೇಳಿದೆ. ಎರಡು ಗಂಟೆ ಹಿಡಿಯಿತು. ಹಗ್ಗ ಕಟ್ಟಿದ ಕುಂಚದ ಕತೆ ಎರಡು ಸಲ ಓದಿಸಿದರು. ಕೊಡೆ ಇಲ್ಲದ ಕುದುರೆ ಬಂದಾಗ ಏನೂ ಮಾತಾಡಲಿಲ್ಲ. ನಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ಹೋರಿ ಒಂದೇ ಹೊಲದಿಂದ ಮನೆಗೆ ಬಂದದ್ದನ್ನು ಆಮೇಲೆ ಹೇಳಿದರು. ನಾನು ಅದನ್ನು ಕೇಳಿದ್ದು ಇದೇ ಮೊದಲು.

ಇನ್ನೊಮ್ಮೆ ಕನಗನಹಳ್ಳಿಗೆ ಹೋಗೋಣ ಅಂದಿದ್ದಾರೆ, ಈ ಸಲ ಅಮ್ಮನನ್ನೂ ಕರೆದುಕೊಂಡು.

ಓದುಗ72

ನಾನೂ ಬರಬಹುದಾ ಸರ್? ಬೆಂಗಳೂರಿನಿಂದ ಹೇಗೆ ಬರುವುದು?

ಭೀಮಾತೀರ

ಖಂಡಿತ ಬನ್ನಿ. ರೈಲಿಗೆ ಬಂದು ಯಾದಗಿರಿಯಲ್ಲೋ ವಾಡಿಯಲ್ಲೋ ಇಳಿಯಿರಿ, ನಾನು ಗಾಡಿ ತರುತ್ತೇನೆ. ಊಟ ನಮ್ಮ ಮನೆಯಿಂದಲೇ, ಜೋಳದ ರೊಟ್ಟಿ ಕಟ್ಟಿಕೊಳ್ಳುತ್ತೇವೆ. ಹಿಂದಿನ ರಾತ್ರಿಯೇ ಬಂದು ಮಲಗಿ. ಸೂರ್ಯ ಮೇಲೇರುವ ಮೊದಲೇ ಅಲ್ಲಿರಬೇಕು. ಓರೆ ಬಿಸಿಲು ಬಿದ್ದಾಗ ಆ ಪಾದಗಳ ಅಂಚು ಕಾಣುತ್ತದೆ. ಹನ್ನೊಂದಾದರೆ ಕಲ್ಲೆಲ್ಲ ಬೆಳ್ಳಗಾಗಿ ಏನೂ ಗೊತ್ತಾಗುವುದಿಲ್ಲ.